ಕರಾವಳಿ ಪಂಚಾಯತಿಯ ಕಸದ ಖರ್ಚಿಗೆ ಶುಲ್ಕ: ದರ ನಿಗದಿ, ವಸೂಲಿ, ಲೆಕ್ಕ

ಊರಿನ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣದ ಕಟ್ಟಡಕ್ಕೆ, ಮನೆಮನೆಗೆ ಹೋಗುವ ಗಾಡಿಗೆ, ಒಣ ಕಸವನ್ನು ಒತ್ತಿ ಕಟ್ಟುವ ಯಂತ್ರಕ್ಕೆ ಸರಕಾರದ ಅನುದಾನ ಸಿಗುತ್ತದೆ. ಸ್ವಚ್ಛ ಭಾರತ ಮಿಷನ್ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿ ಘನತ್ಯಾಜ್ಯ ನಿರ್ವಹಣೆಗೆಂದು 5,000ದವರೆಗೆ ಜನಸಂಖ್ಯೆಯಿರುವ ಊರಿಗೆ ತಲಾ ₹60, ಅದಕ್ಕಿಂತ ದೊಡ್ಡ ಊರಿಗೆ ತಲಾ ₹45 ಎಂದು ನಿಗದಿಯಾಗಿತ್ತು, ಅದರಲ್ಲಿ ಶೇ. 30ರಷ್ಟನ್ನು 15ನೇ ಹಣಕಾಸು ಆಯೋಗದ ಅನುದಾನದಿಂದ ಹೊಂದಿಸಿಕೊಳ್ಳಬೇಕಿತ್ತು. ಅಂಕೋಲೆಯಿಂದ ಭಟ್ಕಳದವರೆಗೆ ಎಲ್ಲಿಯಾದರೂ 4,800 ಜನರಿರುವ ಒಂದು ಊರನ್ನು ತೆಗೆದುಕೊಂಡರೆ ಈ ಲೆಕ್ಕದಲ್ಲಿ ಬರುವ ಮೊತ್ತ ₹2,88,000, ಅದೂ ಒಂದೇ ಸಲ. ಆದರೆ ಗಾಡಿಯ ಇಂಧನ, ಅದನ್ನು ಓಡಿಸುವ ಮಹಿಳೆಯ ಸಂಬಳ, ಕಸ ವಿಂಗಡಿಸುವವರ ಕೈಗವಸು, ಟಯರು, ವಿಮೆ ಇವೆಲ್ಲ ತಿಂಗಳು ತಿಂಗಳೂ ಬೇಕಾಗುವಂಥವು. ಈ ನಿತ್ಯದ ಖರ್ಚಿಗೆ ದಾರಿ ಮಾಡಿಕೊಳ್ಳದ ಕಡೆ ಘಟಕದ ಬಾಗಿಲಿಗೆ ಬೀಗ ಬೀಳುತ್ತದೆ, ಗಾಡಿ ಪಂಚಾಯತಿ ಕಟ್ಟಡದ ಹಿಂದೆ ನಿಲ್ಲುತ್ತದೆ, ಕಸ ಮತ್ತೆ ಹೊಳೆಯ ದಂಡೆಗೆ ಹೋಗುತ್ತದೆ.

ಗುಜರಿ ಮಾರಿದ ಹಣದಿಂದಲೇ ಘಟಕ ನಡೆಯುತ್ತದೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ರಟ್ಟು, ನೀರಿನ ಬಾಟಲಿ, ಕಬ್ಬಿಣ, ಅಲ್ಯೂಮಿನಿಯಂ ಇವಕ್ಕೆ ಬೆಲೆಯಿದೆ ನಿಜ. ಆದರೆ ಅವುಗಳಲ್ಲಿ ಒಳ್ಳೆಯದೆಲ್ಲ ಮನೆಬಾಗಿಲಿಗೆ ಬರುವ ಗುಜರಿಯವನ ಕೈಗೆ ಮೊದಲೇ ಸೇರಿರುತ್ತದೆ. ಪಂಚಾಯತಿಯ ಗಾಡಿಗೆ ಬೀಳುವುದು ಚಿಪ್ಸಿನ ಪೊಟ್ಟಣ, ಗುಟ್ಕಾ ಚೀಟಿ, ಹರಿದ ಚಪ್ಪಲಿ, ಹಳೆಯ ಬಟ್ಟೆ, ಒಡೆದ ಗಾಜು. ಇವನ್ನು ಯಾರೂ ದುಡ್ಡು ಕೊಟ್ಟು ಒಯ್ಯುವುದಿಲ್ಲ; ಸಾಗಿಸಲು ನಾವೇ ದುಡ್ಡು ಕೊಡಬೇಕಾಗುತ್ತದೆ. ಹೀಗಾಗಿ ಕಸ ಹುಟ್ಟಿಸುವವರು ಕೊಡುವ ಬಳಕೆದಾರ ಶುಲ್ಕವೇ ಈ ಕೆಲಸದ ಗಟ್ಟಿ ಆಧಾರ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಥಳೀಯ ಸಂಸ್ಥೆಯ ಉಪವಿಧಿಯಲ್ಲಿ (ಅದು ತನ್ನ ವ್ಯಾಪ್ತಿಗೆ ಮಾಡಿಕೊಳ್ಳುವ ನಿಯಮದಲ್ಲಿ) ಹೇಳಿದ ಶುಲ್ಕವನ್ನು ಕೊಡುವುದು ಕಸ ಹುಟ್ಟಿಸುವ ಪ್ರತಿಯೊಬ್ಬರ ಕರ್ತವ್ಯವೆಂದು ಸ್ಪಷ್ಟವಾಗಿ ಬರೆದಿದ್ದವು. ಮುಂದೆ ಹೇಳುವ ಕ್ರಮವು ಪಂಚಾಯತಿಯ ಸದಸ್ಯರು, ಪಿಡಿಒ ಮತ್ತು ಕಸದ ಕೆಲಸ ವಹಿಸಿಕೊಂಡ ಸಂಜೀವಿನಿ ಒಕ್ಕೂಟದವರು (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಸೇರಿ ಅನುಸರಿಸಬಹುದಾದದ್ದು.

ಮೊದಲು ತೂಕ, ಆಮೇಲೆ ದರ

ದರದ ಚರ್ಚೆಗೆ ಕೂರುವ ಮೊದಲು ಒಂದು ವಾರ ಕಸವನ್ನು ತೂಗಬೇಕು. ಊರಿನ ಬೇರೆ ಬೇರೆ ಕೇರಿಗಳಿಂದ ಐವತ್ತು ಮನೆ, ಹತ್ತು ಅಂಗಡಿ, ನಾಲ್ಕೈದು ಖಾನಾವಳಿ ಮತ್ತು ಹೋಂ ಸ್ಟೇಗಳನ್ನು ಆರಿಸಿ, ಪ್ರತಿಯೊಬ್ಬರಿಗೂ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಚೀಲ ಕೊಟ್ಟು, ಏಳು ದಿನದ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೀನುಗಾರರ ಕೇರಿ, ತೋಟದ ಮನೆಗಳು, ಹೆದ್ದಾರಿ 66ರ ಪಕ್ಕದ ಅಂಗಡಿಸಾಲು, ಕಡಲತೀರದ ವಸತಿಗಳು ಇವುಗಳ ನಡುವಿನ ಅಂತರ ಆ ಪುಸ್ತಕದಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ, ಮತ್ತು ಆಮೇಲೆ ಗ್ರಾಮಸಭೆಯಲ್ಲಿ ‘ಎಲ್ಲರಿಗೂ ಒಂದೇ ದರ ಯಾಕಿಲ್ಲ?’ ಎಂದು ಕೇಳುವವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಉತ್ತರ ಬೇರೆಯಿಲ್ಲ. ಸಾಧ್ಯವಿದ್ದರೆ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ತೂಗುವುದು ಮೇಲು. ಮಳೆಗಾಲದಲ್ಲಿ ಪ್ರವಾಸಿಗಳು ಕಡಿಮೆಯಾಗುತ್ತಾರೆ, ಒಣ ಕಸ ನೆನೆದು ಭಾರವಾಗುತ್ತದೆ, ಒದ್ದೆಯಾದ ರಟ್ಟಿಗೆ ಬೆಲೆಯೂ ಬೀಳುತ್ತದೆ.

ಈ ತೂಕದಿಂದ ಇನ್ನೊಂದು ಉಪಯೋಗವಿದೆ. ನಮ್ಮ ಕಡೆ ಹಿತ್ತಲು, ತೆಂಗಿನ ಬುಡ, ದನದ ಕೊಟ್ಟಿಗೆ, ಗೊಬ್ಬರ ಗುಂಡಿ ಇರುವ ಮನೆಗಳು ಇನ್ನೂ ಸಾಕಷ್ಟಿವೆ. ಅಂಥ ಮನೆಯ ಹಸಿ ಕಸವನ್ನು ಗಾಡಿಯಲ್ಲಿ ಹೊತ್ತು ತಂದು, ಶೆಡ್ಡಿನಲ್ಲಿ ಗೊಬ್ಬರ ಮಾಡಿ, ಅದನ್ನು ಮತ್ತೆ ಅದೇ ತೋಟಕ್ಕೆ ಮಾರುವುದು ವ್ಯರ್ಥ ಖರ್ಚು. ಹಸಿ ಕಸ ಹಿತ್ತಲಲ್ಲೇ ಉಳಿಯಲಿ, ಒಣ ಕಸಕ್ಕೆ ಗಾಡಿ ವಾರಕ್ಕೆರಡು ಸಲ ಬರಲಿ ಎಂದು ತೀರ್ಮಾನಿಸಿದರೆ ಇಂಧನವೂ ಉಳಿಯುತ್ತದೆ, ಮನೆಯ ದರವೂ ಇಳಿಯುತ್ತದೆ. ಹಿತ್ತಲಿಲ್ಲದ ಬಾಡಿಗೆ ಮನೆಗಳಿಗೆ ಮತ್ತು ಪೇಟೆಯ ಕೇರಿಗಳಿಗೆ ಮಾತ್ರ ನಿತ್ಯದ ಹಸಿ ಕಸದ ಸೇವೆ ಬೇಕು, ಅದಕ್ಕೆ ತಕ್ಕ ಹೆಚ್ಚಿನ ದರವೂ ಇರಬೇಕು.

ತಿಂಗಳ ಖರ್ಚನ್ನು ಪೂರ್ತಿ ಬರೆಯುವುದು

ಲೆಕ್ಕ ಹಾಕುವ ಬಗೆ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಊರನ್ನು ಇಟ್ಟುಕೊಳ್ಳೋಣ: 1,200 ಮನೆ, 90 ಅಂಗಡಿ, 25 ಖಾನಾವಳಿ ಮತ್ತು ವಸತಿಗೃಹಗಳು, ಒಂದು ಗಾಡಿ. ಚಾಲಕಿ, ಅವರೊಂದಿಗೆ ಹೋಗುವ ಸಹಾಯಕಿ, ಶೆಡ್ಡಿನಲ್ಲಿ ವಿಂಗಡಿಸುವ ಇಬ್ಬರು, ಹೀಗೆ ನಾಲ್ವರಿಗೆ ತಲಾ ₹15,000ದಂತೆ ₹60,000. ಇಂಧನ ₹12,000, ರಿಪೇರಿ ಮತ್ತು ವಿಮೆ ₹5,000, ಕೈಗವಸು, ಬೂಟು, ಸಾಬೂನು ₹2,000, ಶೆಡ್ಡಿನ ವಿದ್ಯುತ್ತು, ನೀರು ₹3,000, ರಸೀದಿ ಮತ್ತು ಲೆಕ್ಕ ಬರೆಯುವವರಿಗೆ ₹6,000, ಮಾರಾಟವಾಗದ ಕಸದ ಸಾಗಾಟ ₹5,000. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಮುಂದಿನ ಗಾಡಿಯ ಹಣವನ್ನು. ₹7 ಲಕ್ಷದ ಗಾಡಿ ಏಳು ವರ್ಷ ಬಾಳುತ್ತದೆಂದರೆ ವರ್ಷಕ್ಕೆ ₹1 ಲಕ್ಷ, ತಿಂಗಳಿಗೆ ಸುಮಾರು ₹8,500 ತೆಗೆದಿಡಬೇಕು. ಕಡಲಿನ ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುವ ನಮ್ಮಲ್ಲಿ ಈ ಬಾಬ್ತನ್ನು ಬಿಟ್ಟ ಲೆಕ್ಕ ಲೆಕ್ಕವೇ ಅಲ್ಲ. ಒಟ್ಟು ಖರ್ಚು ತಿಂಗಳಿಗೆ ₹1,01,500.

ಈಗ ಆದಾಯ. ಮನೆಗೆ ₹50ರಂತೆ 1,200 ಮನೆಗಳಲ್ಲಿ ಶೇ. 70 ವಸೂಲಾದರೆ ₹42,000. ಅಂಗಡಿಗೆ ಸರಾಸರಿ ₹150ರಂತೆ ಶೇ. 80 ವಸೂಲಾದರೆ ₹10,800. ಖಾನಾವಳಿ, ವಸತಿಗೃಹಗಳಿಗೆ ಸರಾಸರಿ ₹1,000ದಂತೆ ಶೇ. 90 ವಸೂಲಾದರೆ ₹22,500. ಗುಜರಿ ಮಾರಾಟ ₹10,000. ಒಟ್ಟು ₹85,300, ಕೊರತೆ ₹16,200.

ಇಲ್ಲಿ ಸಭೆಯಲ್ಲಿ ಯಾರಾದರೊಬ್ಬರು ದರ ಏರಿಸೋಣ ಎಂದೇ ಅನ್ನುತ್ತಾರೆ. ಅವಸರ ಬೇಡ. ₹70ಕ್ಕೆ ಏರಿಸಿದಾಗ ಬೇಸರಗೊಂಡು ಕೆಲವರು ಕೊಡುವುದನ್ನು ನಿಲ್ಲಿಸಿ ವಸೂಲಿ ಶೇ. 60ಕ್ಕೆ ಇಳಿದರೆ ಕೈಗೆ ಬರುವುದು ₹50,400. ದರವನ್ನು ₹50ರಲ್ಲೇ ಇಟ್ಟು ವಸೂಲಿಯನ್ನು ಶೇ. 85ಕ್ಕೆ ಒಯ್ದರೆ ಬರುವುದು ₹51,000. ಎರಡನೆಯ ದಾರಿಯಲ್ಲಿ ಹಣವೂ ತುಸು ಹೆಚ್ಚು, ಗಾಡಿಗೆ ಕಸ ಕೊಡುವ ಮನೆಗಳೂ ಮುನ್ನೂರರಷ್ಟು ಹೆಚ್ಚು. ಆಗಲೂ ತಿಂಗಳಿಗೆ ₹7,200, ಅಂದರೆ ವರ್ಷಕ್ಕೆ ₹86,400 ಕೊರತೆ ಉಳಿಯುತ್ತದೆ. ಅದನ್ನು ಪಂಚಾಯತಿ ತನ್ನ ಸ್ವಂತ ನಿಧಿಯಿಂದ ಕೊಡುವುದೇ ನ್ಯಾಯ, ಏಕೆಂದರೆ ಬಸ್ ನಿಲ್ದಾಣ, ಸಂತೆ ಬಯಲು, ಕಡಲತೀರ ಇವುಗಳ ಕಸ ಯಾವ ಒಂದು ಮನೆಯದೂ ಅಲ್ಲ. ಸಾರ್ವಜನಿಕ ಜಾಗದ ಗುಡಿಸಾಟವನ್ನು ತೆರಿಗೆಯಿಂದ, ಮನೆ ಮತ್ತು ಅಂಗಡಿಯ ಸೇವೆಯನ್ನು ಶುಲ್ಕದಿಂದ ನಡೆಸುವ ಈ ಗೆರೆಯನ್ನು ಮೊದಲ ಸಭೆಯಲ್ಲೇ ಎಳೆದಿಟ್ಟರೆ ಮುಂದೆ ಜಗಳ ಕಡಿಮೆಯಾಗುತ್ತದೆ.

ಯಾರಿಗೆ ಎಷ್ಟು

ಮನೆಗಳಿಗೆ ಒಂದೇ ಸಮನಾದ ಕಡಿಮೆ ದರ ಇರಲಿ. ತೂಕಕ್ಕೆ ತಕ್ಕ ದರ ಸಿದ್ಧಾಂತವಾಗಿ ಸರಿ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಜನರು ಶುಲ್ಕ ಸೇರಿಸಿದ ನಿಗದಿತ ಚೀಲವನ್ನು ಕೊಂಡು ಅದರಲ್ಲಿಯೇ ಕಸ ಹಾಕುತ್ತಾರೆ, ಕಸ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. ಆದರೆ ಹಿತ್ತಲಲ್ಲಿ ಬೆಂಕಿ ಹಾಕಲು, ಸೇತುವೆಯಿಂದ ಹೊಳೆಗೆ ಎಸೆಯಲು ಯಾವ ಅಡ್ಡಿಯೂ ಇಲ್ಲದ ನಮ್ಮ ಊರುಗಳಲ್ಲಿ ಚೀಲಕ್ಕೆ ಬೆಲೆ ಕಟ್ಟಿದರೆ ಚೀಲ ಗಾಡಿಗೆ ಬರುವುದೇ ನಿಲ್ಲುತ್ತದೆ. ಹೊಳೆಗೆ ಬಿದ್ದ ಕಸ ಹೋಗಿ ಸೇರುವುದು ಅಳಿವೆಗೆ. ಅಘನಾಶಿನಿಯ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಬದುಕುವ ಕುಟುಂಬಗಳಿವೆ. ಮನೆಯ ಕಸ ಎಷ್ಟೇ ಇರಲಿ, ಗಾಡಿಗೆ ಬೀಳಬೇಕೆಂಬುದೇ ಇಲ್ಲಿ ಮೊದಲ ಗುರಿ.

ವ್ಯಾಪಾರಕ್ಕೆ ಬೇರೆ ನ್ಯಾಯ. ಹೋಂ ಸ್ಟೇ, ವಸತಿಗೃಹಗಳಿಗೆ ಕೋಣೆಯ ಲೆಕ್ಕದಲ್ಲಿ, ಖಾನಾವಳಿಗಳಿಗೆ ಕುರ್ಚಿಯ ಲೆಕ್ಕದಲ್ಲಿ, ಅಂಗಡಿಗಳಿಗೆ ಬಗೆಯ ಲೆಕ್ಕದಲ್ಲಿ ದರ ಕಟ್ಟಬೇಕು. ಬಟ್ಟೆ ಅಂಗಡಿ ಮತ್ತು ಸೀಯಾಳದ ಗಾಡಿ ಎರಡಕ್ಕೂ ಒಂದೇ ದರ ಹಾಕುವುದು ತಪ್ಪು. ಮೊದಲನೆಯವರದು ಮಡಚಿಟ್ಟ ರಟ್ಟು, ಎರಡನೆಯವರದು ಅರ್ಧ ಗಾಡಿ ತುಂಬುವ ಬುರುಡೆ. ಸೀಯಾಳ ಮಾರುವವರು ಬುರುಡೆಯನ್ನು ಸೀಳಿ ಒಣಗಿಸಿ ತೋಟದವರಿಗೆ ತಾವೇ ಕೊಡುವುದಾದರೆ ಅವರ ದರವನ್ನು ಅರ್ಧಕ್ಕಿಳಿಸುವ ಮಾತು ಉಪವಿಧಿಯಲ್ಲೇ ಇರಲಿ. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರು ಬೃಹತ್ ಉತ್ಪಾದಕರ ಸಾಲಿಗೆ ಸೇರುತ್ತಾರೆ. ಗೋಕರ್ಣ, ಮುರ್ಡೇಶ್ವರದಂಥ ಕಡೆಯ ದೊಡ್ಡ ರೆಸಾರ್ಟುಗಳು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರ ಮಾಡಿಕೊಳ್ಳುವಂತೆ ಒತ್ತಾಯಿಸಿ, ಒಣ ಕಸಕ್ಕೆ ಮಾತ್ರ ತೂಕದ ಮೇಲೆ ಶುಲ್ಕ ಪಡೆಯಬೇಕು. ಮೀನು ಮಾರುಕಟ್ಟೆಯ ಶುಲ್ಕವನ್ನು ಕೂತು ಮಾರುವ ಹೆಂಗಸರಿಂದ ದಿನದಿನ ಕೇಳುವುದಕ್ಕಿಂತ ಮಾರುಕಟ್ಟೆಯ ವಾರ್ಷಿಕ ಹರಾಜಿನ ಕರಾರಿನಲ್ಲೇ ಸೇರಿಸುವುದು ಸರಳ.

ವಿನಾಯಿತಿಯನ್ನು ಮನೆಬಾಗಿಲಲ್ಲಿ ನಿರ್ಧರಿಸಬಾರದು. ಒಬ್ಬಂಟಿ ವೃದ್ಧೆಯರು, ದುಡಿಯುವವರಿಲ್ಲದ ಕುಟುಂಬಗಳು ಯಾವುವೆಂದು ವಾರ್ಡ್ ಸಭೆಯಲ್ಲಿ ಹೆಸರು ಓದಿ ಒಪ್ಪಿಗೆ ಪಡೆದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಮಾಲೀಕರು ಮುಂಬಯಿಯಲ್ಲೋ ಗೋವೆಯಲ್ಲೋ ಇದ್ದು ವರ್ಷದ ಬಹುಪಾಲು ಬೀಗ ಬಿದ್ದಿರುವ ಮನೆಗಳಿಗೆ ತೆರೆದಿರುವ ತಿಂಗಳುಗಳ ಶುಲ್ಕ ಸಾಕು.

ಉಪವಿಧಿ ಮತ್ತು ಗ್ರಾಮಸಭೆ

ತೆರಿಗೆ, ದರ, ಶುಲ್ಕ ವಿಧಿಸುವ ಅಧಿಕಾರ ಗ್ರಾಮ ಪಂಚಾಯತಿಗೆ 1993ರ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣದಿಂದ ಬರುತ್ತದೆ. ಬರೀ ಮಾತಿನ ಒಪ್ಪಂದದ ಮೇಲೆ ವಸೂಲಿಗೆ ಹೊರಡಬಾರದು. ಸಾಮಾನ್ಯ ಸಭೆಯ ಠರಾವು, ಕರಡು ಉಪವಿಧಿಯ ಪ್ರಕಟಣೆ, ಆಕ್ಷೇಪಣೆಗೆ ಕಾಲಾವಕಾಶ, ಗ್ರಾಮಸಭೆಯ ಚರ್ಚೆ ಇವೆಲ್ಲ ಆಗಬೇಕು. ಕರಡಿನಲ್ಲಿ ದರದ ಪಟ್ಟಿಯ ಜೊತೆಗೆ ಪಂಚಾಯತಿ ಏನು ಕೊಡುತ್ತದೆಂಬುದನ್ನೂ ಬರೆಯಿರಿ: ಯಾವ ಕೇರಿಗೆ ಯಾವ ವಾರ, ಎಷ್ಟು ಹೊತ್ತಿಗೆ ಗಾಡಿ ಬರುತ್ತದೆ, ಸತತ ಎರಡು ಸರದಿ ತಪ್ಪಿದರೆ ಆ ತಿಂಗಳ ಶುಲ್ಕದಲ್ಲಿ ಎಷ್ಟು ಕಡಿತ. ಈ ಕೊನೆಯ ಮಾತನ್ನು ಸೇರಿಸಲು ಪಂಚಾಯತಿಗಳು ಹಿಂಜರಿಯುತ್ತವೆ, ಆದರೆ ಜನರ ನಂಬಿಕೆಯನ್ನು ಗಳಿಸಿಕೊಡುವುದು ಅದೇ ಸಾಲು. ಹೇಗೆ ವಿಂಗಡಿಸಬೇಕೆಂಬುದೂ ಇರಲಿ. 2016ರ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆ ಹೇಳಿದ್ದವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಜಾಗ್ರತೆಯ ಕಸ (ಬಲ್ಬು, ಔಷಧದಂಥವು) ಎಂದು ನಾಲ್ಕು ಮಾಡಿವೆ.

ವಿಂಗಡಣೆಯ ಸಾಲು ಯಾಕೆ ಬೇಕೆಂಬುದನ್ನು ಸದಸ್ಯರು ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ನಿಂತು ನೋಡಬೇಕು. ಮೇಜಿನ ಮೇಲೆ ಚೀಲ ಸುರಿದಾಗ ಹಾಲಿನ ಪ್ಯಾಕೆಟ್ಟು ತೊಳೆದು ಒಣಗಿಸಿದ್ದರೆ ಕೆಲಸದವರ ಕೈ ಅದನ್ನೆತ್ತಿ ಬದಿಯ ಬುಟ್ಟಿಗೆ ಹಾಕಿ ಮುಂದೆ ಹೋಗುತ್ತದೆ, ಅದಕ್ಕೆ ಬೆಲೆಯೂ ಬರುತ್ತದೆ. ಅದೇ ಪ್ಯಾಕೆಟ್ಟಿನೊಳಗೆ ಮೀನಿನ ಸಾರಿನ ಮುಳ್ಳು ತುಂಬಿ ಗಂಟು ಕಟ್ಟಿದ್ದರೆ ಅದನ್ನು ಬಿಡಿಸಬೇಕು, ಹುಳ ಕೊಡವಬೇಕು. ಸುತ್ತಲಿನ ಕಾಗದವೆಲ್ಲ ನಾರಿ ಮಾರಾಟಕ್ಕೆ ಬರದಂತಾಗುತ್ತದೆ. ಒಡೆದ ಬಲ್ಬು, ಇಂಜೆಕ್ಷನ್ ಸೂಜಿ, ಕಾಗದ ಸುತ್ತದ ಪ್ಯಾಡು ಸಿಕ್ಕಾಗ ಇಡೀ ಮೇಜಿನ ಕೆಲಸ ನಿಲ್ಲುತ್ತದೆ. ಬೆರಕೆ ಕಸ ಕೊಡುವ ಮನೆಗೆ ಎರಡು ಸಲ ಎಚ್ಚರಿಕೆ, ಮೂರನೆಯ ಸಲ ದಂಡ ಎಂಬ ನಿಯಮ ಈ ಕೈಗಳನ್ನು ಕಾಪಾಡುವುದಕ್ಕಾಗಿ ಇರಬೇಕು. ದಂಡದ ಹಣವನ್ನು ಶುಲ್ಕದ ಲೆಕ್ಕದೊಂದಿಗೆ ಬೆರೆಸಬೇಡಿ. ದಂಡವನ್ನು ಆದಾಯವೆಂದು ನಂಬಿದ ಬಜೆಟ್ಟು ಜನರು ತಪ್ಪು ಮಾಡಲಿ ಎಂದು ಕಾಯತೊಡಗುತ್ತದೆ.

ವಸೂಲಿ

ಶುಲ್ಕವನ್ನು ಯಾರು ಕೇಳಬೇಕೆಂಬುದಕ್ಕೆ ಎರಡು ದಾರಿಗಳಿವೆ: ಕಸ ಎತ್ತುವವರೇ ಕೇಳುವುದು, ಇಲ್ಲವೇ ಪಂಚಾಯತಿ ತೆರಿಗೆಯ ಜೊತೆಗೆ ಪಡೆಯುವುದು. ಪುಣೆಯಲ್ಲಿ ಕಸ ಆರಿಸುವವರೇ ಕಟ್ಟಿಕೊಂಡ ‘ಸ್ವಚ್ಛ’ ಸಹಕಾರ ಸಂಘದ ಸದಸ್ಯರು ಮನೆಗಳಿಂದ ನೇರವಾಗಿ ತಿಂಗಳ ಶುಲ್ಕ ಪಡೆಯುತ್ತಾರೆ. ಕೇರಳದಲ್ಲಿ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಮಹಿಳೆಯರು ಪಂಚಾಯತಿ ಪ್ರದೇಶದ ಮನೆಗಳಿಂದ ತಿಂಗಳಿಗೆ ₹50 ಪಡೆಯುತ್ತಾರೆ. 2023ರಲ್ಲಿ ಅಲ್ಲಿ ಕಾನೂನು ತಿದ್ದಿ, ಕೊಡದೆ ಉಳಿಸಿಕೊಂಡ ಶುಲ್ಕವನ್ನು ಆಸ್ತಿ ತೆರಿಗೆಯ ಬಾಕಿಯಂತೆಯೇ ವಸೂಲು ಮಾಡಲು ಅವಕಾಶ ಮಾಡಲಾಯಿತು. ಕಸ ಎತ್ತುವವರೇ ಶುಲ್ಕ ಕೇಳಿದರೆ ಸೇವೆ ಮತ್ತು ಹಣದ ಸಂಬಂಧ ಜನರ ಕಣ್ಣೆದುರೇ ಇರುತ್ತದೆಂಬುದು ಇದರ ಗುಣ. ‘ನಮ್ಮನೆ ಕಸ ನಾವೇ ಸುಡ್ತೇವೆ, ನಿಮಗ್ಯಾಕೆ ದುಡ್ಡು?’ ಎಂಬ ಮಾತನ್ನು ಪ್ರತಿ ಬೆಳಿಗ್ಗೆ ಕೇಳಿಸಿಕೊಳ್ಳುವ ಹೊರೆಯೂ ಆ ಅಕ್ಕಂದಿರ ತಲೆಗೇ ಬೀಳುತ್ತದೆಂಬುದು ಇದರ ದೋಷ.

ನನ್ನ ಸಲಹೆ ಇಷ್ಟು: ಅಂಗಡಿ, ಖಾನಾವಳಿ, ವಸತಿಗೃಹಗಳಿಂದ ಒಕ್ಕೂಟದವರು ತಿಂಗಳು ತಿಂಗಳು ರಸೀದಿ ಕೊಟ್ಟು ಪಡೆಯಲಿ, ಮನೆಗಳ ಶುಲ್ಕವನ್ನು ಪಂಚಾಯತಿ ಮನೆ ತೆರಿಗೆಯ ಬೇಡಿಕೆ ನೋಟೀಸಿನಲ್ಲೇ ಬೇರೆ ಸಾಲಾಗಿ ತೋರಿಸಿ ವರ್ಷಕ್ಕೆರಡು ಕಂತಿನಲ್ಲಿ ಪಡೆಯಲಿ. ಸಂಬಳ ಮಾತ್ರ ವಸೂಲಿಯನ್ನು ಕಾಯಬಾರದು. ಮೊದಲ ಆರು ತಿಂಗಳ ಸಂಬಳದ ಮೊತ್ತವನ್ನು ಪಂಚಾಯತಿ ಮುಂಗಡವಾಗಿ ಒಕ್ಕೂಟದ ಖಾತೆಗೆ ಹಾಕಿಟ್ಟರೆ, ವಸೂಲಿ ತಡವಾದ ತಿಂಗಳಲ್ಲೂ ಗಾಡಿ ಹೊರಡುತ್ತದೆ. ಗಾಡಿ ಹೊರಟರೆ ಮಾತ್ರ ವಸೂಲಿ ಬರುತ್ತದೆ. ಶುಲ್ಕ ಶುರುವಾಗುವ ಮೊದಲು ಎರಡು ತಿಂಗಳು ಉಚಿತವಾಗಿ, ಹೇಳಿದ ಹೊತ್ತಿಗೆ ತಪ್ಪದೆ ಗಾಡಿ ಕಳಿಸುವುದು ಇದೇ ಕಾರಣಕ್ಕೆ.

ಕಂತಿನ ತಿಂಗಳುಗಳನ್ನು ಊರಿನ ದುಡಿಮೆ ನೋಡಿ ಆರಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆ ಹೊತ್ತಿಗೆ ಬೈತಖೋಲ, ತದಡಿ, ಬೇಲೆಕೇರಿಯಂಥ ಕಡೆ ಬೋಟು ದಡದಲ್ಲಿರುತ್ತದೆ, ಮನೆಯಲ್ಲಿ ಕೈ ಬಿಗಿಯಿರುತ್ತದೆ. ಆಗ ಕಸದ ಶುಲ್ಕಕ್ಕೆಂದು ಬಾಗಿಲು ಬಡಿಯುವುದು ಸರಿಯಲ್ಲ. ಅಕ್ಟೋಬರ್ ಮತ್ತು ಫೆಬ್ರುವರಿ ಮೀನುಗಾರರಿಗೂ ಅನುಕೂಲ, ಪ್ರವಾಸಿಗಳಿಂದ ಬದುಕುವವರಿಗೂ ಅನುಕೂಲ. ಪ್ರತಿ ಮನೆಗೂ ಒಂದು ಕಾರ್ಡು ಕೊಟ್ಟು, ಗಾಡಿ ಬಂದ ದಿನ ಒಂದು ಗುರುತು, ಹಣ ಕೊಟ್ಟ ದಿನ ರಸೀದಿ ಸಂಖ್ಯೆ ಬರೆಯುವ ಕ್ರಮ ಹಾಕಿಕೊಳ್ಳಿ. ಮೊಬೈಲ್ ಮೂಲಕ ಕೊಡುವವರಿಗಾಗಿ ಕಾರ್ಡಿನ ಹಿಂಬದಿಯಲ್ಲೇ ಕ್ಯೂಆರ್ ಚೀಟಿ ಅಂಟಿಸಬಹುದು, ಆದರೆ ಆ ಹಣ ಕಸದ ಪ್ರತ್ಯೇಕ ಖಾತೆಗೇ ಬೀಳಬೇಕು, ಯಾರ ಸ್ವಂತ ಖಾತೆಗೂ ಅಲ್ಲ.

ಜಾತ್ರೆ, ಮದುವೆ, ಬಾಟಲಿ

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು 2016ರ ನಿಯಮಗಳಲ್ಲೇ ಹೇಳಿತ್ತು. ಮದುವೆ ಮನೆ, ರಾತ್ರಿಯ ಯಕ್ಷಗಾನದ ಆಟ, ಬಂಡಿಹಬ್ಬ, ಶಿವರಾತ್ರಿಯ ತೇರು ಇವೆಲ್ಲಕ್ಕೂ ತಿಳಿಸುವ ಪದ್ಧತಿ ತಂದರೆ ಅದರ ಜೊತೆಗೇ ಎರಡು ಮೊತ್ತ ಪಡೆಯಬಹುದು: ಕಸ ಸಾಗಿಸುವ ಶುಲ್ಕ ಮತ್ತು ಮರಳಿ ಕೊಡುವ ಠೇವಣಿ. ಬಾಳೆಲೆ, ಅಡಿಕೆ ಹಾಳೆ, ಸ್ಟೀಲ್ ಲೋಟ ಬಳಸಿ ಜಾಗ ಚೊಕ್ಕ ಮಾಡಿಕೊಟ್ಟವರಿಗೆ ಠೇವಣಿ ಪೂರ್ತಿ ವಾಪಸ್. 2022ರ ಜುಲೈ 1ರಿಂದ ನಿಷೇಧವಾಗಿರುವ ಪ್ಲಾಸ್ಟಿಕ್ ತಟ್ಟೆ, ಲೋಟ ಕಂಡಲ್ಲಿ ಠೇವಣಿ ಪಂಚಾಯತಿಗೆ.

ಕಡಲತೀರದಲ್ಲಿ ಒಡೆದ ಬಾಟಲಿ ಬೇರೆಯೇ ಕಷ್ಟ. ಗಾಜು ಭಾರ, ಬೆಲೆ ಕಡಿಮೆ; ಸಾಗಾಟದಲ್ಲೇ ಆದಾಯ ಕರಗುತ್ತದೆ. ತಮಿಳುನಾಡಿನ ನೀಲಗಿರಿಯಲ್ಲಿ 2022ರಿಂದ ಮದ್ಯದ ಪ್ರತಿ ಬಾಟಲಿಗೆ ₹10 ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿ ಕೊಡುತ್ತಾರೆ. ಮದ್ಯದ ಅಂಗಡಿಗಳಿಗೆ ಇಂಥ ನಿಯಮವನ್ನು ಪಂಚಾಯತಿ ತಾನೇ ಮಾಡಲಾರದು. ಆದರೆ ತನ್ನ ಜಾಗದಲ್ಲಿ ಕೂಡುವ ಅಂಗಡಿಗಳ ಕರಾರಿನಲ್ಲಿ ನೀರು ಮತ್ತು ಸೋಡಾ ಬಾಟಲಿಗೆ ಠೇವಣಿಯ ಷರತ್ತು ಹಾಕಬಹುದು.

ಮಾರಾಟವಾಗದ ಕಸ ಮತ್ತು ಲೆಕ್ಕ

ಚಿಪ್ಸಿನ ಪೊಟ್ಟಣದಂಥ ಪದರ ಪದರದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಗಳು ಇಂಧನವಾಗಿ ಉರಿಸುತ್ತವೆ, ಆದರೆ ಒಂದು ಪಂಚಾಯತಿಯ ನಾಲ್ಕು ಚೀಲಕ್ಕಾಗಿ ಲಾರಿ ಬರುವುದಿಲ್ಲ. ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣ ಕಸವನ್ನು ಒಂದೇ ಘಟಕದಲ್ಲಿ ವಿಂಗಡಿಸಿ ಒತ್ತಿ ಕಳಿಸುವ ವ್ಯವಸ್ಥೆಯಿದೆ. ಹೊಳೆಯ ಆಚೆ ಈಚೆಯ ನಾಲ್ಕೈದು ಪಂಚಾಯತಿಗಳು ಸೇರಿ ಲಾರಿಯ ಬಾಡಿಗೆಯನ್ನು ತೂಕದ ಪ್ರಮಾಣದಲ್ಲಿ ಹಂಚಿಕೊಂಡರೆ ಸಾಗಾಟದ ಬಾಬ್ತು ಸಾಕಷ್ಟು ಇಳಿಯುತ್ತದೆ. ಕಳಿಸಿದ ಪ್ರತಿ ಲೋಡಿನ ತೂಕದ ಚೀಟಿ ಮತ್ತು ಸ್ವೀಕೃತಿಯನ್ನು ಕಡತದಲ್ಲಿಡಿ, ಏಕೆಂದರೆ ಕಸ ಕೊನೆಗೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಶುಲ್ಕ ಕೊಟ್ಟವರಿಗಿದೆ.

ಪಂಚಾಯತಿಯ ಹೊರಗೋಡೆಯ ಮೇಲೆ ತಿಂಗಳಿಗೊಮ್ಮೆ ಕೈಬರಹದಲ್ಲಾದರೂ ಆರು ಸಾಲು ಬರೆಯಿರಿ: ಬಂದ ಶುಲ್ಕ, ಗುಜರಿಯ ಹಣ, ಪಂಚಾಯತಿ ಕೊಟ್ಟದ್ದು, ಸಂಬಳ, ಉಳಿದ ಖರ್ಚು, ಹೊಸ ಗಾಡಿಗೆಂದು ತೆಗೆದಿಟ್ಟದ್ದು. ಕೇರಿವಾರು ವಸೂಲಿಯ ಶೇಕಡಾವನ್ನೂ ಹಾಕಬಹುದು, ಆದರೆ ಕೊಡದವರ ಹೆಸರು ಹಾಕಬಾರದು. ಊರಿನಲ್ಲಿ ಒಮ್ಮೆ ಮಾನ ಹೋದ ಮನೆಯವರು ಆಮೇಲೆ ಹಣವನ್ನೂ ಕೊಡುವುದಿಲ್ಲ, ಕಸವನ್ನೂ ಕೊಡುವುದಿಲ್ಲ. ವರ್ಷದ ಕೊನೆಯಲ್ಲಿ ಹಣ ಉಳಿದರೆ ಅದು ರಸ್ತೆ, ದೀಪಗಳ ಕಡೆಗೆ ಹೋಗದೆ ಗಾಡಿಯ ನಿಧಿಗೇ ಸೇರಬೇಕು. ದರದ ಪರಿಷ್ಕರಣೆಯನ್ನು ಎರಡು ವರ್ಷಕ್ಕೊಮ್ಮೆ, ಗ್ರಾಮಸಭೆಯಲ್ಲಿ ಈ ಲೆಕ್ಕ ಓದಿದ ಮೇಲೆಯೇ ಎತ್ತಿಕೊಳ್ಳಿ. ಆ ಸಭೆಗೆ ಗಾಡಿ ಓಡಿಸುವವರನ್ನೂ ವಿಂಗಡಿಸುವವರನ್ನೂ ಕರೆದು, ಯಾವ ಕೇರಿಯಲ್ಲಿ ಏನು ತೊಂದರೆಯಿದೆಯೆಂದು ಅವರ ಬಾಯಿಂದಲೇ ಕೇಳಿ ಠರಾವಿನಲ್ಲಿ ಬರೆಸಿ.